ಅವರೆ ಮತ್ತು ನಿಂಬೆ: ಕೆ.ಜಿ.ಎಫ್.–ಬಂಗಾರಪೇಟೆ ಸೀಮೆಯ ಊಟದಲ್ಲಿ ಪೋಷಕಾಂಶಗಳ ಹೋಲಿಕೆ

ಕೋಲಾರ ಜಿಲ್ಲೆಯ ಬಂಗಾರಪೇಟೆ ಮತ್ತು ಕೋಲಾರ ಚಿನ್ನದ ಗಣಿ (ಕೆ.ಜಿ.ಎಫ್.) ತಾಲ್ಲೂಕುಗಳ ದಿನನಿತ್ಯದ ಊಟದಲ್ಲಿ ರಾಗಿಮುದ್ದೆಯ ಜೊತೆಗೆ ನಿಲ್ಲುವುದು ಕಾಳಿನ ಸಾರು. ಅವರೆ, ಹುರುಳಿ, ಅಲಸಂದೆ, ತೊಗರಿ ಈ ಸಾರಿನ ಮುಖ್ಯ ಕಾಳುಗಳು. ನಿಂಬೆಜಾತಿಯ ಹಣ್ಣುಗಳಾದ ನಿಂಬೆ, ಕಿತ್ತಳೆ, ಮೋಸಂಬಿ, ಹೇರಳೆ, ಚಕ್ಕೋತಗಳಿಗೆ ಇದೇ ಊಟದಲ್ಲಿ ಸಿಕ್ಕಿರುವುದು ಚಿಕ್ಕ ಸ್ಥಾನ: ಕೋಸಂಬರಿಗೆ ಹಿಂಡುವ ರಸ, ಚಿತ್ರಾನ್ನದ ಹುಳಿ, ಉಪ್ಪಿನಕಾಯಿ, ಕಾಯಿಲೆ ಬಿದ್ದವರಿಗೆ ತರುವ ಮೋಸಂಬಿ. ಇವೆರಡರಲ್ಲಿ ಯಾವುದು ಹೆಚ್ಚು ಪೌಷ್ಟಿಕ ಎಂಬ ಪ್ರಶ್ನೆ ಆಗಾಗ ಕೇಳಿಬರುತ್ತದೆ. ಒಂದರಲ್ಲಿ ಇರುವುದು ಇನ್ನೊಂದರಲ್ಲಿ ಬಹುಮಟ್ಟಿಗೆ ಇಲ್ಲ. ಆದ್ದರಿಂದ ಯಾವುದು ಮೇಲು ಎಂದು ಕೇಳುವುದಕ್ಕಿಂತ, ಕಾಳನ್ನೇ ನೆಚ್ಚಿದ ಒಂದು ಸೀಮೆಯ ಊಟಕ್ಕೆ ಹುಳಿಹಣ್ಣು ಏನನ್ನು ತಂದುಕೊಡುತ್ತದೆ ಎಂದು ಕೇಳುವುದೇ ಸರಿ.

ನೆಲ ಮತ್ತು ಜನ

ಇದು ಕೆಂಪು ಮಣ್ಣಿನ, ವರ್ಷಕ್ಕೆ ಸುಮಾರು 700ರಿಂದ 750 ಮಿ.ಮೀ. ಮಳೆ ಬೀಳುವ ಬಯಲುಸೀಮೆ. ವರ್ಷವಿಡೀ ಹರಿಯುವ ಹೊಳೆ ಇಲ್ಲ. ಕೆರೆ ಮತ್ತು ಕೊಳವೆಬಾವಿಗಳೇ ಆಧಾರ. ಚಿನ್ನದ ಗಣಿಯ ಊರಿಗೆ ಕುಡಿಯುವ ನೀರು ಬಂದದ್ದು ಪಾಲಾರ್ ಕಣಿವೆಯ ಬೇತಮಂಗಲದ ಕೆರೆಯಿಂದ. ಇಂಥ ನೆಲದಲ್ಲಿ ಅವರೆ ಬೆಳೆಯಲು ಕಾರಣವಿದೆ. ಮುಂಗಾರಿನಲ್ಲಿ ರಾಗಿ ಹೊಲದ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳುಗಳನ್ನು ಅಕ್ಕಡಿ ಸಾಲಾಗಿ ಬಿತ್ತುವುದು ಇಲ್ಲಿನ ಹಳೆಯ ಪದ್ಧತಿ. ರಾಗಿ ಕೊಯ್ದ ಮೇಲೆ ಅವರೆಗೆ ಹೊಲ ಪೂರ್ತಿ ತೆರವಾಗುತ್ತದೆ. ಹಗಲು ಕುಗ್ಗಿದಾಗ ಹೂಬಿಡುವ ಗಿಡ ಅದು. ಆಮೇಲೆ ಮಣ್ಣಿನಲ್ಲಿ ಉಳಿದ ತೇವ ಮತ್ತು ಬೆಳಗಿನ ಇಬ್ಬನಿಯಲ್ಲೇ ಕಾಯಿ ಕಟ್ಟುತ್ತದೆ. ಬೇರುಗಂಟುಗಳಲ್ಲಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಹಿಡಿದುಕೊಡುವುದರಿಂದ ಗೊಬ್ಬರದ ಖರ್ಚೂ ಕಡಿಮೆ. ಕಾಳಿನಲ್ಲಿ ಪ್ರೋಟೀನು ತುಂಬಿರುವುದಕ್ಕೂ ಈ ಸಾರಜನಕವೇ ಮೂಲ.

ನಿಂಬೆಜಾತಿಯ ಮರಗಳ ಕಥೆ ಬೇರೆ. ಅವಕ್ಕೆ ಆಳವಾದ, ನೀರು ಬಸಿಯುವ ಮಣ್ಣು ಬೇಕು, ಬೇಸಿಗೆಯಲ್ಲೂ ನೀರು ಬೇಕು, ಫಲ ಕಾಣಲು ಕೆಲವು ವರ್ಷಗಳ ತಾಳ್ಮೆ ಬೇಕು. ಕೊಳವೆಬಾವಿ ವರ್ಷದಿಂದ ವರ್ಷಕ್ಕೆ ಆಳಕ್ಕಿಳಿಯುವ ಊರಿನಲ್ಲಿ ರೈತ ಅಷ್ಟು ದಿನ ಕಾಯಲಾರ. ಹಾಗಾಗಿ ಹಿತ್ತಲಿನ ಒಂದೆರಡು ನಿಂಬೆ, ಹೇರಳೆ ಗಿಡಗಳನ್ನು ಬಿಟ್ಟರೆ ಬಂಗಾರಪೇಟೆಯ ಅಂಗಡಿಗೆ ಹಣ್ಣು ಹೆಚ್ಚಾಗಿ ಹೊರಗಿನಿಂದಲೇ ಬರುತ್ತದೆ. ಕಿತ್ತಳೆಗೆ ನಾಗಪುರ ಮತ್ತು ಕೊಡಗು, ಮೋಸಂಬಿಗೆ ರಾಯಲಸೀಮೆ, ನಿಂಬೆಗೆ ವಿಜಯಪುರ ಜಿಲ್ಲೆ ಮತ್ತು ನೆಲ್ಲೂರು ಕಡೆಯ ಗೂಡೂರು ಹೆಸರಾದ ನೆಲೆಗಳು. ನೆರೆಯ ಬೆಂಗಳೂರು ಗ್ರಾಮಾಂತರದ ದೇವನಹಳ್ಳಿ ಚಕ್ಕೋತಕ್ಕೆ ಭೌಗೋಳಿಕ ಗುರುತು ದೊರೆತಿದೆ. ಕಾಳು ಹೊಲದ್ದು, ಹಣ್ಣು ಸಂತೆಯದ್ದು. ಬಡವರ ತಟ್ಟೆಯಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಬಿಟ್ಟುಹೋಗುತ್ತದೆ ಎಂಬುದಕ್ಕೆ ಈ ಅಂತರವೇ ದೊಡ್ಡ ಕಾರಣ.

ಬ್ರಿಟಿಷರ ಕಾಲದಲ್ಲಿ ಕಮಿಷನರ್ ಲೆವಿನ್ ಬೌರಿಂಗ್ ಹೆಸರಿನಿಂದ ಬೌರಿಂಗ್‌ಪೇಟೆ ಎನಿಸಿಕೊಂಡಿದ್ದ ಬಂಗಾರಪೇಟೆ, ಮಾರಿಕುಪ್ಪಂಗೆ ಹೋಗುವ ಗಣಿ ರೈಲಿನ ಕವಲು ನಿಲ್ದಾಣವಾಗಿ ಬೆಳೆಯಿತು. 1880ರ ದಶಕದಿಂದ ಜಾನ್ ಟೇಲರ್ ಕಂಪನಿಯ ಗಣಿಗಳಿಗೆ ಉತ್ತರ ಆರ್ಕಾಟ್, ಚಿತ್ತೂರು, ಸೇಲಂ ಕಡೆಗಳಿಂದ ಸಾವಿರಾರು ತಮಿಳು, ತೆಲುಗು ಕುಟುಂಬಗಳು ಬಂದು ನೆಲೆಸಿದವು. ಅವರು ಬಿಟ್ಟುಬಂದ ಊರುಗಳಲ್ಲೂ ಅವರೆಯೇ ಚಳಿಗಾಲದ ಕಾಳು. ಕನ್ನಡದ ಮನೆಯ ಹಿತಕಿದವರೆ, ತೆಲುಗರ ಪಿತಿಕಿಪಪ್ಪು, ತಮಿಳರ ಪಿದುಕ್ಕು ಪರುಪ್ಪು ಒಂದೇ ಅಡುಗೆ. ಮೂರು ಮಾತಿನ ಜನ ಒಂದೇ ಕಾಳನ್ನು ಒಂದೇ ರೀತಿ ನೆನೆಸಿ, ಹಿತಕಿ, ಬೇಯಿಸಿದ್ದಾರೆ.

ಅಂಕಿಗಳನ್ನು ಓದುವ ಬಗೆ

ಭಾರತದ ಆಹಾರಗಳ ಪೋಷಕಾಂಶ ಕೋಷ್ಟಕಗಳು ಮೊದಲು ಸಿದ್ಧವಾದದ್ದು ಕೂನೂರಿನ ಪ್ರಯೋಗಾಲಯದಲ್ಲಿ, ಡಬ್ಲ್ಯು. ಆರ್. ಐಕ್ರಾಯ್ಡ್ ಅವರ ನೇತೃತ್ವದಲ್ಲಿ, 1930ರ ದಶಕದಲ್ಲಿ. ಆ ಸಂಸ್ಥೆ ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಸಿ. ಗೋಪಾಲನ್ ಮತ್ತು ಸಂಗಡಿಗರ 1971ರ ಕೋಷ್ಟಕ ದೀರ್ಘಕಾಲ ಬಳಕೆಯಲ್ಲಿತ್ತು. 2017ರಲ್ಲಿ ಹೊಸದು ಬಂತು. ಒಂದೇ ಕಾಳಿಗೆ ಎರಡು ಕೋಷ್ಟಕಗಳಲ್ಲಿ ಬೇರೆಬೇರೆ ಅಂಕಿ ಕಂಡರೆ ಗಾಬರಿಯಾಗಬೇಕಿಲ್ಲ. ತಳಿ, ಮಣ್ಣು, ಅಳೆಯುವ ವಿಧಾನಗಳಿಗೆ ತಕ್ಕಂತೆ ಅವು ಬದಲಾಗುತ್ತವೆ.

100 ಗ್ರಾಂ ಒಣ ಅವರೆಯಲ್ಲಿ ಪ್ರೋಟೀನು 24ರಿಂದ 25 ಗ್ರಾಂ, ಕಾರ್ಬೊಹೈಡ್ರೇಟ್ 60 ಗ್ರಾಂ, ಶಕ್ತಿ ಸುಮಾರು 345 ಕಿಲೋಕ್ಯಾಲೊರಿ, ಕಬ್ಬಿಣ 3ರಿಂದ 5 ಮಿ.ಗ್ರಾಂ. ಹುರುಳಿಯಲ್ಲಿ ಪ್ರೋಟೀನು 22 ಗ್ರಾಂ, ಕ್ಯಾಲ್ಸಿಯಂ 270ರಿಂದ 290 ಮಿ.ಗ್ರಾಂ, ಕಬ್ಬಿಣ 6 ಮಿ.ಗ್ರಾಂ ಮೀರುತ್ತದೆ. ಅಲಸಂದೆ ಫೋಲೇಟ್‌ಗೆ ಒಳ್ಳೆಯ ಆಕರ: 100 ಗ್ರಾಂ ಒಣಕಾಳಿನಲ್ಲಿ 200 ಮೈಕ್ರೋಗ್ರಾಂಗೂ ಹೆಚ್ಚು. ಈ ಒಣಕಾಳುಗಳಲ್ಲಿ ಸಿ ಜೀವಸತ್ವ ಇಲ್ಲವೆಂದೇ ಹೇಳಬೇಕು.

ಅಷ್ಟೇ ತೂಕದ ಕಿತ್ತಳೆ ತೊಳೆಯಲ್ಲಿ 87 ಗ್ರಾಂ ನೀರೇ. ಪ್ರೋಟೀನು 1 ಗ್ರಾಂ ಮುಟ್ಟುವುದಿಲ್ಲ, ಶಕ್ತಿ 50 ಕಿಲೋಕ್ಯಾಲೊರಿಯ ಒಳಗೆ, ಕಬ್ಬಿಣ ನೆಪಮಾತ್ರ, ಫೋಲೇಟ್ ಸುಮಾರು 30 ಮೈಕ್ರೋಗ್ರಾಂ. ಆದರೆ ಸಿ ಜೀವಸತ್ವ ಕೋಷ್ಟಕಕ್ಕೆ ತಕ್ಕಂತೆ 30ರಿಂದ 53 ಮಿ.ಗ್ರಾಂ. ಮೋಸಂಬಿಯಲ್ಲಿ 47ರಿಂದ 50, ನಿಂಬೆರಸದಲ್ಲಿ 40ರಿಂದ 50 ಮಿ.ಗ್ರಾಂ ಎನ್ನಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಗೊತ್ತುಮಾಡಿದಂತೆ ವಯಸ್ಕ ಗಂಡಸಿಗೆ ದಿನಕ್ಕೆ 80, ಹೆಂಗಸಿಗೆ 65 ಮಿ.ಗ್ರಾಂ ಸಿ ಜೀವಸತ್ವ ಬೇಕು. ಎರಡು ಮಧ್ಯಮ ಗಾತ್ರದ ಕಿತ್ತಳೆಯಲ್ಲಿ ಅದು ಬಹುಮಟ್ಟಿಗೆ ದೊರೆಯುತ್ತದೆ. ಒಂದು ನಿಂಬೆಹಣ್ಣಿನ ರಸ 30 ಮಿ.ಲೀ. ಇದ್ದರೆ ಸಿಗುವುದು 12ರಿಂದ 15 ಮಿ.ಗ್ರಾಂ ಮಾತ್ರ. ಬೆಳಗ್ಗೆ ಒಂದು ಹೋಳು ನಿಂಬೆ ಹಿಂಡಿದ ನೀರು ಕುಡಿದರೆ ದಿನದ ಸಿ ಜೀವಸತ್ವ ಮುಗಿಯಿತು ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ಒಣಕಾಳನ್ನು ರಸಭರಿತ ಹಣ್ಣಿನ ಜೊತೆ ತೂಕಕ್ಕೆ ತೂಕ ಇಡುವುದರಲ್ಲೇ ಅನ್ಯಾಯವಿದೆ. ಕಾಳು ಬೆಂದಾಗ ನೀರು ಕುಡಿದು ಊದುತ್ತದೆ. ಬೆಂದ ಅವರೆಯ 100 ಗ್ರಾಂನಲ್ಲಿ ಪ್ರೋಟೀನು 8 ಗ್ರಾಂಗೆ, ಶಕ್ತಿ 117 ಕಿಲೋಕ್ಯಾಲೊರಿಗೆ ಇಳಿಯುತ್ತದೆ. ಆಗಲೂ ಅದು ಹಣ್ಣಿಗಿಂತ ಎಷ್ಟೋ ಗಟ್ಟಿ. ಹಸಿ ಅವರೆಕಾಳು ಇವೆರಡರ ನಡುವಿನದು: ತೇವ ಹೆಚ್ಚು, ಪ್ರೋಟೀನು ಒಣಕಾಳಿಗಿಂತ ಸಾಕಷ್ಟು ಕಡಿಮೆ, ಆದರೆ ಸ್ವಲ್ಪ ಸಿ ಜೀವಸತ್ವ ಉಂಟು. ಅಂಗಡಿಯಲ್ಲಿ ಬೀನ್ಸ್ ಎಂದೇ ಮಾರುವ ಹಸಿ ಹುರುಳಿಕಾಯಿ ಕಾಳಿನ ಲೆಕ್ಕಕ್ಕೆ ಬರುವುದಿಲ್ಲ, ಅದು ತರಕಾರಿ. ಅದರಲ್ಲಿ ಪ್ರೋಟೀನು 2 ಗ್ರಾಂ ಒಳಗೆ, ಶಕ್ತಿ 30 ಕಿಲೋಕ್ಯಾಲೊರಿಯ ಆಸುಪಾಸು, ಸಿ ಜೀವಸತ್ವ 12ರಿಂದ 24 ಮಿ.ಗ್ರಾಂ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕೋಮಲ್, ಅರ್ಕಾ ಸುವಿಧಾ ಈ ಗುಂಪಿನ ತಳಿಗಳು. ಬೀನ್ಸ್ ಪಲ್ಯ ತಿಂದು ಪ್ರೋಟೀನು ಸಿಕ್ಕಿತೆಂದು ತಿಳಿಯುವವರು ಈ ವ್ಯತ್ಯಾಸವನ್ನು ಗಮನಿಸಬೇಕು.

ರಾಗಿಯನ್ನು ಸೇರಿಸಿಕೊಳ್ಳದೆ ಈ ಸೀಮೆಯಲ್ಲಿ ಯಾವ ಲೆಕ್ಕವೂ ಪೂರ್ತಿಯಾಗದು. 150 ಗ್ರಾಂ ರಾಗಿಹಿಟ್ಟಿನ ಮುದ್ದೆ, 60 ಗ್ರಾಂ ಒಣ ಅವರೆಯ ಸಾರು ಎಂದಿಟ್ಟುಕೊಳ್ಳೋಣ. ರಾಗಿಯಿಂದ 11, ಅವರೆಯಿಂದ 15, ಒಟ್ಟು 26 ಗ್ರಾಂ ಪ್ರೋಟೀನು. ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಎಂಬ ಪ್ರಮಾಣದಲ್ಲಿ 65 ಕಿಲೋ ತೂಗುವವನ ದಿನದ ಅಗತ್ಯ 54 ಗ್ರಾಂ. ಅದರ ಅರ್ಧದಷ್ಟು ಒಂದೇ ಹೊತ್ತಿನಲ್ಲಿ ಬಂತು. ರಾಗಿಯಿಂದ 500 ಮಿ.ಗ್ರಾಂ ಕ್ಯಾಲ್ಸಿಯಂ ಬೇರೆ. ಗುಣದಲ್ಲೂ ಈ ಜೋಡಿ ಒಳ್ಳೆಯದು: ರಾಗಿಯಲ್ಲಿ ಕೊರೆಯಾದ ಲೈಸೀನ್ ಅವರೆಯಲ್ಲಿ ಧಾರಾಳ, ಕಾಳಿನಲ್ಲಿ ಕೊರೆಯಾದ ಮಿಥಿಯೊನೀನ್ ರಾಗಿಯಲ್ಲಿ ಇದೆ. ಇಷ್ಟೆಲ್ಲ ಕೊಡುವ ಈ ಊಟದಲ್ಲಿ ಇಲ್ಲದ್ದು ಸಿ ಜೀವಸತ್ವ.

ಸ್ಕರ್ವಿಯ ಪಾಠ

ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿಯಲ್ಲಿ ಒಸಡು ಊದಿ ರಕ್ತ ಒಸರುತ್ತದೆ, ಹಳೆಯ ಗಾಯ ಬಿಚ್ಚುತ್ತದೆ, ಕೀಲು ನೋಯುತ್ತದೆ. ಬ್ರಿಟಿಷ್ ನೌಕಾಪಡೆಯ ವೈದ್ಯ ಜೇಮ್ಸ್ ಲಿಂಡ್ 1747ರಲ್ಲಿ ಸ್ಯಾಲಿಸ್ಬರಿ ಹಡಗಿನ 12 ರೋಗಿಗಳನ್ನು ಇಬ್ಬಿಬ್ಬರಂತೆ ವಿಂಗಡಿಸಿ ಆರು ಬಗೆಯ ಮದ್ದು ಕೊಟ್ಟಾಗ, ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರು ಬೇಗ ಚೇತರಿಸಿಕೊಂಡರು. ನೌಕಾಪಡೆ ನಿಂಬೆರಸವನ್ನು ಎಲ್ಲರಿಗೂ ಕೊಡತೊಡಗಿದ್ದು 1795ರಲ್ಲಿ. ಹುಳಿಹಣ್ಣಿನ ಕೀರ್ತಿ ಅಲ್ಲಿಂದ ಬಂದದ್ದು.

ಕಾಳಿನ ಪಾಲು ಈ ಚರಿತ್ರೆಯಲ್ಲಿ ಇದೆ, ಆದರೆ ಹೇಳುವವರು ಕಡಿಮೆ. ಮೊದಲ ಮಹಾಯುದ್ಧದಲ್ಲಿ ಮೆಸಪೊಟೇಮಿಯದಲ್ಲಿ ಕಾದಿದ ಭಾರತೀಯ ಸಿಪಾಯಿಗಳಲ್ಲಿ ಸಾವಿರಾರು ಜನ ಸ್ಕರ್ವಿಗೆ ಬಿದ್ದರು. ಅವರ ಪಡಿಯಲ್ಲಿ ಹಿಟ್ಟು, ಬೇಳೆ ಇತ್ತು, ತಾಜಾ ತರಕಾರಿ ಹಣ್ಣು ಇರಲಿಲ್ಲ. ಒಣಬೇಳೆ ಹೊಟ್ಟೆ ತುಂಬಿಸಿತು, ಸ್ಕರ್ವಿಯನ್ನು ತಡೆಯಲಿಲ್ಲ. ಅದೇ ಯುದ್ಧದಲ್ಲಿ ಎಚ್. ಡಬ್ಲ್ಯು. ವಿಲ್ಟ್‌ಷೈರ್ ಎಂಬ ವೈದ್ಯ ಸ್ಕರ್ವಿ ತಗುಲಿದ ಸೆರ್ಬಿಯಾದ ಸೈನಿಕರಲ್ಲಿ ಒಂದು ಗುಂಪಿಗೆ ನಿಂಬೆರಸ, ಇನ್ನೊಂದಕ್ಕೆ ಮೊಳಕೆ ಬರಿಸಿದ ಬೀನ್ಸ್ ಕಾಳು ಕೊಟ್ಟು ನೋಡಿದರು. 1918ರಲ್ಲಿ ಪ್ರಕಟವಾದ ಅವರ ವರದಿಯ ಪ್ರಕಾರ ಮೊಳಕೆಕಾಳು ನಿಂಬೆರಸಕ್ಕೆ ಹಿಂದೆ ಬೀಳಲಿಲ್ಲ. ಮರುವರ್ಷ ಲಂಡನ್ನಿನ ಹ್ಯಾರಿಯೆಟ್ ಚಿಕ್ ಮತ್ತು ಮರಿಯನ್ ಡೆಲ್ಫ್ ಒಣಕಾಳಿಗಿಂತ ಮೊಳೆತ ಕಾಳು ಸ್ಕರ್ವಿಯನ್ನು ಎಷ್ಟೋ ಚೆನ್ನಾಗಿ ತಡೆಯುತ್ತದೆಂದು ಪ್ರಯೋಗದಿಂದ ತೋರಿಸಿದರು. ಡೆಲ್ಫ್ ಆಮೇಲೆ ದಕ್ಷಿಣ ಆಫ್ರಿಕಕ್ಕೆ ಹೋಗಿ ಅಲ್ಲಿನ ಆಹಾರಗಳನ್ನು ಇದೇ ದೃಷ್ಟಿಯಿಂದ ಪರೀಕ್ಷಿಸಿದರು. ಅಲ್ಲಿನ ಚಿನ್ನದ ಗಣಿಗಳ ಕೂಲಿಕಾರರಲ್ಲಿ ಸ್ಕರ್ವಿ ಆಗ ಚಿರಪರಿಚಿತ ಕಾಯಿಲೆ.

ಕಾಳು ಮೊಳೆಯುವಾಗ ತನ್ನ ಪಿಷ್ಟದಿಂದಲೇ ಆಸ್ಕಾರ್ಬಿಕ್ ಆಮ್ಲವನ್ನು, ಎಂದರೆ ಸಿ ಜೀವಸತ್ವವನ್ನು, ತಯಾರಿಸಿಕೊಳ್ಳುತ್ತದೆ. ಹೆಸರುಕಾಳಿನ ಹಸಿ ಮೊಳಕೆಯ 100 ಗ್ರಾಂನಲ್ಲಿ ಸುಮಾರು 13 ಮಿ.ಗ್ರಾಂ ಇರುತ್ತದೆ. ಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಸಾರು ಮಾಡುವ ಕೋಲಾರ ಸೀಮೆಯ ಮನೆಗಳು ಕಾಸು ಖರ್ಚಿಲ್ಲದೆ ಇದನ್ನು ಪಡೆಯುತ್ತಿವೆ. ಬಹಳ ಹೊತ್ತು ಕುದಿಸಿದರೆ ಮಾತ್ರ ಪಡೆದದ್ದರ ಹೆಚ್ಚಿನ ಪಾಲು ಹೋಗುತ್ತದೆ. ಹಸಿಯಾಗಿ ತಿನ್ನಬಹುದಾದ ಹೆಸರುಕಾಳಿನ ಮೊಳಕೆಗೆ ಈ ನಷ್ಟವಿಲ್ಲ.

ಕಬ್ಬಿಣ: ಎರಡೂ ಕೂಡುವ ಜಾಗ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕೆ ಹತ್ತಿರದಷ್ಟು ಜನರಲ್ಲಿ ರಕ್ತಹೀನತೆ ಕಂಡುಬಂತು. ಐದು ವರ್ಷದೊಳಗಿನ ಮಕ್ಕಳಲ್ಲಿ ಪ್ರಮಾಣ ಇನ್ನೂ ಹೆಚ್ಚು. ರಾಗಿ, ಕಾಳು ತಿನ್ನುವ ನಾಡಿನಲ್ಲಿ ಹೀಗೇಕೆ? ತಟ್ಟೆಯಲ್ಲಿರುವ ಕಬ್ಬಿಣವೆಲ್ಲ ರಕ್ತ ಸೇರುವುದಿಲ್ಲ ಎಂಬುದು ಉತ್ತರದ ಒಂದು ಭಾಗ. ಕಾಳು ಮತ್ತು ಧಾನ್ಯಗಳ ಕಬ್ಬಿಣವನ್ನು ಫೈಟೇಟ್ ಮತ್ತು ಟ್ಯಾನಿನ್‌ಗಳು ಕಟ್ಟಿಹಾಕುತ್ತವೆ. ಹತ್ತರಲ್ಲಿ ಒಂದು ಪಾಲು ಕರುಳಿಗೆ ದಕ್ಕಿದರೆ ಹೆಚ್ಚು. ಊಟದ ಜೊತೆಗೇ ಕುಡಿಯುವ ಕಾಫಿ, ಟೀ ಅದನ್ನೂ ಇಳಿಸುತ್ತವೆ.

ನಿಂಬೆರಸದ ನಿಜವಾದ ಬೆಲೆ ಇಲ್ಲಿ ತಿಳಿಯುತ್ತದೆ. ಸಿ ಜೀವಸತ್ವ ಫೆರಿಕ್ ರೂಪದ ಕಬ್ಬಿಣವನ್ನು ಫೆರಸ್ ರೂಪಕ್ಕೆ ತಂದು, ಕರಗುವ ಸ್ಥಿತಿಯಲ್ಲಿ ಹಿಡಿದಿಟ್ಟು, ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹೀರಲು ನೆರವಾಗುತ್ತದೆ. ಒಂದು ಊಟದಲ್ಲಿ 25ರಿಂದ 50 ಮಿ.ಗ್ರಾಂ ಸಿ ಜೀವಸತ್ವ ಸೇರಿದರೆ ಹೀರಿಕೆ ಎರಡು ಪಟ್ಟಿಗೂ ಏರಬಹುದು. ಆದರೆ ಎರಡೂ ಒಂದೇ ಊಟದಲ್ಲಿ ಇರಬೇಕು. ಮಧ್ಯಾಹ್ನ ಸಾರು ಉಂಡು ಸಂಜೆ ಕಿತ್ತಳೆ ತಿಂದರೆ ಕಿತ್ತಳೆಯ ಗುಣ ದೇಹಕ್ಕೆ ಸಿಗುತ್ತದೆ, ಸಾರಿನ ಕಬ್ಬಿಣಕ್ಕೆ ಒದಗುವುದಿಲ್ಲ. ನೆನೆದ ಹೆಸರುಬೇಳೆಗೆ ನಿಂಬೆ ಹಿಂಡಿ, ಕೊತ್ತಂಬರಿ ಉದುರಿಸುವ ಕೋಸಂಬರಿ ಈ ದೃಷ್ಟಿಯಿಂದ ಬಹಳ ಸರಿಯಾದ ಅಡುಗೆ. ಅದು ರಾಮನವಮಿಗೂ ಮದುವೆಯ ಎಲೆಗೂ ಮೀಸಲಾಗದೆ ವಾರದ ಊಟಕ್ಕೆ ಬರಬೇಕು. ಬಸುರಿಯರಿಗೆ ಕೊಡುವ ಕಬ್ಬಿಣದ ಮಾತ್ರೆಗೂ ಇದೇ ಮಾತು: ಟೀ ಜೊತೆ ಬೇಡ, ನಿಂಬೆಪಾನಕದ ಜೊತೆ ಒಳ್ಳೆಯದು.

ಒಲೆಯ ಮೇಲೆ

ನಿಂಬೆ ಹಿಂಡಬೇಕಾದದ್ದು ಒಲೆ ಆರಿಸಿದ ಮೇಲೆ. ಬಿಸಿಗೆ ಸಿ ಜೀವಸತ್ವ ಒಡೆಯುತ್ತದೆ ಎಂಬುದು ಒಂದು ಕಾರಣ. ಕಾಳು ಬೇಯುವ ಬಗೆ ಇನ್ನೊಂದು. ಕಾಳಿನ ಜೀವಕೋಶಗಳನ್ನು ಅಂಟಿಸಿರುವ ಪೆಕ್ಟಿನ್ ಕರಗಿದರೆ ಮಾತ್ರ ಕಾಳು ಮೆತ್ತಗಾಗುತ್ತದೆ. ಹುಳಿ ಇದ್ದಾಗ ಪೆಕ್ಟಿನ್ ಬೇಗ ಕರಗದು. ಹುಣಸೆ, ಟೊಮೇಟೊ, ನಿಂಬೆ ಯಾವುದನ್ನೇ ಮೊದಲೇ ಹಾಕಿದರೂ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಪೆಕ್ಟಿನನ್ನು ಬಿಗಿಯುತ್ತವೆ. ಕೊಳವೆಬಾವಿ ನೀರಿನಲ್ಲಿ ಕಾಳು ಬೇಯದು ಎಂಬ ಅಡುಗೆಯವರ ದೂರು ನ್ಯಾಯವಾದದ್ದು. ಅದಕ್ಕೆ ಸೋಡಾ ಹಾಕಿದರೆ ಬೇಗ ಬೇಯುತ್ತದೆ, ಆದರೆ ಬಿ1 ಜೀವಸತ್ವ ಹಾಳಾಗುತ್ತದೆ. ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಬೇಯಿಸುವುದೇ ಮೇಲು. ಹೊಟ್ಟೆಯುಬ್ಬರ ತರುವ ರ‍್ಯಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳೂ ಆ ನೀರಿನ ಜೊತೆ ಸ್ವಲ್ಪ ಹೋಗುತ್ತವೆ.

ಹಿತಕಿದವರೆಯ ವಿಷಯ ಸ್ವಾರಸ್ಯದ್ದು. ನೆನೆದ ಅವರೆಯನ್ನು ಬೆರಳಿನಲ್ಲಿ ಒತ್ತಿ ಸಿಪ್ಪೆ ಬಿಡಿಸಿದಾಗ ಟ್ಯಾನಿನ್ ಸಿಪ್ಪೆಯ ಜೊತೆ ಹೋಗುತ್ತದೆ, ಪ್ರೋಟೀನು ಸುಲಭವಾಗಿ ಜೀರ್ಣವಾಗುತ್ತದೆ. ಕಳೆದುಕೊಳ್ಳುವುದು ನಾರನ್ನು. ಮಕ್ಕಳಿಗೂ ಹಲ್ಲಿಲ್ಲದ ಹಿರಿಯರಿಗೂ ಹಿತಕಿದ ಬೇಳೆ ಒಪ್ಪುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಇಡಿಕಾಳೇ ವಾಸಿ. ಅವರೆ, ರಾಜ್ಮಾದಂಥ ಕಾಳನ್ನು ಬೇಯಿಸದೆ ತಿನ್ನುವುದು ಮಾತ್ರ ಸಲ್ಲ. ಒಣ ಅವರೆಯಲ್ಲಿ ಸೈನೈಡ್ ಬಿಡುಗಡೆ ಮಾಡುವ ಗ್ಲೂಕೋಸೈಡ್‌ಗಳೂ, ಪ್ರೋಟೀನು ಜೀರ್ಣವಾಗದಂತೆ ತಡೆಯುವ ವಸ್ತುಗಳೂ ಇರುತ್ತವೆ. ರಾಜ್ಮಾದಲ್ಲಿರುವ ಲೆಕ್ಟಿನ್ ವಾಂತಿಭೇದಿ ತರಿಸಬಲ್ಲದು. ಚೆನ್ನಾಗಿ ಕುದಿಸಿದರೆ ಈ ಭಯವಿಲ್ಲ.

ಚಳಿಗಾಲವಲ್ಲದ ಕಾಲದಲ್ಲೂ ಈಗ ಅವರೆ ಸಿಗುತ್ತದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಹಗಲಿನ ಉದ್ದದ ಹಂಗಿಲ್ಲ. ಮಾಗಿಯ ಇಬ್ಬನಿಯಲ್ಲಿ ಬಲಿತ ನಾಟಿ ಅವರೆಯ ಸೊಗಡು ಇವಕ್ಕಿಲ್ಲ ಎಂದು ಉಣ್ಣುವವರು ಹೇಳುತ್ತಾರೆ. ಪೋಷಣೆಗೆ ಸೊಗಡು ಲೆಕ್ಕವಲ್ಲದಿದ್ದರೂ ಊಟಕ್ಕೆ ಅದು ಲೆಕ್ಕವೇ.

ಎಚ್ಚರಿಕೆಗಳು

ಮೂತ್ರಪಿಂಡದ ಕಲ್ಲಿಗೆ ಹುರುಳಿಕಟ್ಟು ಕುಡಿಯುವ ರೂಢಿ ದಕ್ಷಿಣದಲ್ಲೆಲ್ಲ ಇದೆ. ಅದರ ಪರಿಣಾಮಕ್ಕೆ ಗಟ್ಟಿ ಪುರಾವೆ ಕಡಿಮೆ. ನಿಂಬೆಯ ಸಿಟ್ರೇಟ್ ಕ್ಯಾಲ್ಸಿಯಂ ಕಲ್ಲು ಕಟ್ಟುವುದನ್ನು ತಡೆಯುತ್ತದೆ ಎಂಬುದು ಇದಕ್ಕಿಂತ ಭದ್ರವಾದ ತಿಳಿವಳಿಕೆ. ಮೂತ್ರಪಿಂಡ ಸೋತವರು ಮಾತ್ರ ಕಾಳು, ಕಿತ್ತಳೆ ಎರಡರಲ್ಲೂ ಇರುವ ಪೊಟ್ಯಾಸಿಯಂ ಬಗ್ಗೆ ವೈದ್ಯರನ್ನು ಕೇಳಬೇಕು. ಚಕ್ಕೋತ ಮತ್ತು ಅದರ ಸಂಬಂಧಿ ಗ್ರೇಪ್‌ಫ್ರೂಟ್‌ನಲ್ಲಿರುವ ಫ್ಯುರಾನೊಕೂಮರಿನ್‌ಗಳು ಕರುಳಿನ ಒಂದು ಕಿಣ್ವವನ್ನು ತಡೆದು, ಕೊಲೆಸ್ಟೆರಾಲ್ ಮತ್ತು ರಕ್ತದೊತ್ತಡದ ಕೆಲವು ಮಾತ್ರೆಗಳು ರಕ್ತದಲ್ಲಿ ಮಿತಿಮೀರಿ ಉಳಿಯುವಂತೆ ಮಾಡುತ್ತವೆ. ಹಣ್ಣನ್ನು ಹಿಂಡಿ ಸೋಸಿ ಕುಡಿದರೆ ನಾರು ಹೋಗಿ ಸಕ್ಕರೆ ಬೇಗ ರಕ್ತಕ್ಕಿಳಿಯುತ್ತದೆ. ಕಿತ್ತಳೆಯನ್ನು ತೊಳೆಯಾಗಿಯೇ ತಿನ್ನುವುದು ಒಳ್ಳೆಯದು.

ಊರಿನ ಬದಲಿಗಳು

2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಮುಚ್ಚಿದ ಮೇಲೆ ಗಣಿಯ ಊರಿನ ಬಹಳಷ್ಟು ದುಡಿಯುವ ಜನ ಮಾರಿಕುಪ್ಪಂ, ಬಂಗಾರಪೇಟೆಗಳಿಂದ ದಿನವೂ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುತ್ತಾರೆ. ಇಂಥ ಮನೆಗಳಿಗೆ ದಿನಕ್ಕೆ ಎರಡು ಕಿತ್ತಳೆ ತಿನ್ನಿರಿ ಎಂದು ಹೇಳುವುದು ಸುಲಭ, ಕೊಳ್ಳುವುದು ಸುಲಭವಲ್ಲ. ಬೇಸಿಗೆಯಲ್ಲಿ ನಿಂಬೆಹಣ್ಣಿನ ಬೆಲೆಯೂ ಏರುತ್ತದೆ. ಸಿ ಜೀವಸತ್ವಕ್ಕೆ ಹುಳಿಹಣ್ಣೇ ಬೇಕೆಂದಿಲ್ಲ. ಸೀಬೆಹಣ್ಣಿನ 100 ಗ್ರಾಂನಲ್ಲಿ 210 ಮಿ.ಗ್ರಾಂ ಮೀರುತ್ತದೆ, ಎಂದರೆ ಕಿತ್ತಳೆಯ ನಾಲ್ಕು ಪಟ್ಟಿಗೂ ಹೆಚ್ಚು. ಬೆಟ್ಟದ ನೆಲ್ಲಿಯಲ್ಲಿ ಅದಕ್ಕೂ ಹೆಚ್ಚು. 1971ರ ಕೋಷ್ಟಕದ ಪ್ರಕಾರ ಕೊತ್ತಂಬರಿ ಸೊಪ್ಪಿನಲ್ಲಿ 135, ನುಗ್ಗೆಸೊಪ್ಪಿನಲ್ಲಿ 220 ಮಿ.ಗ್ರಾಂ ಇದೆ.

ಟೊಮೇಟೊ ಕೋಲಾರದ್ದೇ ಬೆಳೆ, ಜಿಲ್ಲೆಯ ಮಾರುಕಟ್ಟೆಯಿಂದ ದೇಶಕ್ಕೆಲ್ಲ ಹೋಗುತ್ತದೆ. ಅದರಲ್ಲಿ ಸಿ ಜೀವಸತ್ವ 14ರಿಂದ 27 ಮಿ.ಗ್ರಾಂ, ನಿಂಬೆರಸಕ್ಕಿಂತ ಕಡಿಮೆ. ಆದರೆ ನಿಂಬೆರಸವನ್ನು ಚಮಚದಲ್ಲಿ ಹಾಕುತ್ತೇವೆ, ಟೊಮೇಟೊವನ್ನು ಹಣ್ಣುಗಟ್ಟಲೆ ಹೆಚ್ಚುತ್ತೇವೆ. 100 ಗ್ರಾಂ ಹಸಿ ಟೊಮೇಟೊ ಒಂದು ನಿಂಬೆಹಣ್ಣಿಗೆ ಸಮ ಅಥವಾ ಅದಕ್ಕಿಂತ ಹೆಚ್ಚು. ಬೆಂದ ಕಾಳಿಗೆ ಹಸಿ ಟೊಮೇಟೊ, ಈರುಳ್ಳಿ, ಕೊತ್ತಂಬರಿ ಬೆರೆಸಿದ ಉಸಲಿ ನಿಂಬೆ ದುಬಾರಿಯಾದ ತಿಂಗಳುಗಳಲ್ಲಿ ಅದೇ ಕೆಲಸ ಮಾಡುತ್ತದೆ. ಶಾಲೆಯ ಬಿಸಿಯೂಟದಲ್ಲಿ ಕಿರಿಯ ತರಗತಿಯ ಮಗುವಿಗೆ ದಿನಕ್ಕೆ 20 ಗ್ರಾಂ, ಹಿರಿಯ ತರಗತಿಯ ಮಗುವಿಗೆ 30 ಗ್ರಾಂ ಬೇಳೆಕಾಳು ಎಂಬ ಪ್ರಮಾಣ ನಿಗದಿಯಾಗಿತ್ತು. ತರಕಾರಿಗೆ 50 ಮತ್ತು 75 ಗ್ರಾಂ ಇದ್ದರೂ ಅದೆಲ್ಲ ಸಾಂಬಾರಿನಲ್ಲಿ ಕುದಿಯುತ್ತದೆ. ಸಾಂಬಾರಿನ ಪಾತ್ರೆ ಇಳಿಸಿದ ಮೇಲೆ ನಿಂಬೆರಸ ಬೆರೆಸುವುದೋ, ತಟ್ಟೆಗೆ ಹಸಿ ಟೊಮೇಟೊ ಹೋಳು ಇಡುವುದೋ ಬಂಗಾರಪೇಟೆಯ ಅಡುಗೆಮನೆಗಳಲ್ಲಿ ಇಂದೇ ಆರಂಭಿಸಬಹುದಾದ ಬದಲಾವಣೆ. ಅದಕ್ಕೆ ಹೊಸ ಪಾತ್ರೆಯಾಗಲಿ ಹೊಸ ಕೈಯಾಗಲಿ ಬೇಕಿಲ್ಲ.